ಕನ್ನಡಿ ಐಸು

ಕಳೆದ ವಾರ ಬೇಕರಿಯ ಯಜಮಾನರು ನನ್ನನ್ನು ಐಸ್ ತರಲು ಕಳಿಸಿದರು. ಅವರ ಅಣ್ಣನ ಮಗಳ ನಿಶ್ಚಿತಾರ್ಥ. ನಲವತ್ತು ಕಿಲೋ ಅಂಜಲ್ ಮೀನು ಸಂಜೆಯವರೆಗೆ ಕೆಡದೆ ಉಳಿಯಬೇಕು, ಮನೆಯ ಫ್ರಿಜ್ಜಿಗೆ ಅಷ್ಟು ದೊಡ್ಡ ಹೊಟ್ಟೆಯಿಲ್ಲ. “ನಿಮಗೆ ಆ ಕಡೆ ಎಲ್ಲ ಗೊತ್ತುಂಟಲ್ಲ ಗಂಗಾಧರಣ್ಣ, ನೀವೇ ಹೋಗಿ ಬನ್ನಿ” ಎಂದರು. ಗೊತ್ತಿರುವುದು ಹೌದು. ಬಂದರಿನ ಐಸ್ ಪ್ಲಾಂಟೊಂದರಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದವನು ನಾನು. ಬಿಟ್ಟು ಆರು ವರ್ಷವಾಯಿತು. ಈಗ ಕೂಳೂರಿನ ಈ ಬೇಕರಿಯಲ್ಲಿ ದಿನವಿಡೀ ಒಲೆಯ ಮುಂದೆ ನಿಂತಿರುತ್ತೇನೆ. ಲೋಕದವರು ಬಾಣಲೆಯಿಂದ ಬೆಂಕಿಗೆ ಬೀಳುತ್ತಾರೆ, ನಾನು ಐಸಿನಿಂದ ಬೆಂಕಿಗೆ ಬಿದ್ದವನು.

ಬೇಕರಿಯ ವ್ಯಾನ್ ಕುದ್ರೋಳಿ ದಾಟಿ ಬಂದರಿನ ರಸ್ತೆಗೆ ತಿರುಗುವಷ್ಟರಲ್ಲಿ ಅಮೋನಿಯಾದ ವಾಸನೆ ಮೂಗಿಗೆ ಹತ್ತಿತು. ಹೊಸಬರಿಗೆ ಆ ವಾಸನೆಯಿಂದ ಕಣ್ಣಲ್ಲಿ ನೀರು ಬರುತ್ತದೆ. ನನಗೆ ಬರಲಿಲ್ಲ. ಬಂದದ್ದು ನಮ್ಮ ದೀಕ್ಷಾಳ ಪಿತ್ತಕೋಶ ತೆಗೆಸಿದ ವರ್ಷದ ಮಳೆಗಾಲದ ನೆನಪು. ದೀಕ್ಷಾ ನಮಗೆ ಒಬ್ಬಳೇ ಮಗಳು, ಆಗ ಅವಳಿಗೆ ಹದಿನೇಳು. ಆ ದಿನಗಳಲ್ಲಿ ಯಾರು ಎಲ್ಲಿ ನಿಂತಿದ್ದರು, ಏನು ಹೇಳಿದರು, ಕ್ಯಾಂಟೀನಿನಲ್ಲಿ ಏನು ತಿಂದೆ, ಎಲ್ಲವೂ ನನಗೆ ನೆನಪಿದೆ. ಆಗ ನಿನಗೆ ಏನನ್ನಿಸಿತು ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರವಿಲ್ಲ. ಏನೂ ಅನ್ನಿಸಿರಲಿಲ್ಲ.

ಐಸ್ ಪ್ಲಾಂಟ್ ನೋಡದವರಿಗೆ ಸ್ವಲ್ಪ ಹೇಳಬೇಕು. ಒಂದು ದೊಡ್ಡ ಟ್ಯಾಂಕಿನಲ್ಲಿ ಉಪ್ಪುನೀರು ಇರುತ್ತದೆ. ಎಷ್ಟು ತಣ್ಣಗಾದರೂ ಅದು ಗಟ್ಟಿಯಾಗುವುದಿಲ್ಲ. ಅದರಲ್ಲಿ ಇಳಿಬಿಟ್ಟ ಉದ್ದುದ್ದ ಡಬ್ಬಗಳೊಳಗಿನ ಸಿಹಿನೀರು ಗಟ್ಟಿಯಾಗುತ್ತದೆ. ಡಬ್ಬವನ್ನು ಸರಪಳಿಯಲ್ಲಿ ಎತ್ತಿ, ಸಾದಾ ನೀರಿನಲ್ಲಿ ಒಮ್ಮೆ ಅದ್ದಿ ಓರೆ ಮಾಡಿದರೆ ಗಡ್ಡೆ ಜಾರಿ ಹೊರಗೆ ಬರುತ್ತದೆ. ಅದನ್ನು ಪುಡಿ ಮಾಡಿ ದಕ್ಕೆಯಲ್ಲಿ ನಿಂತ ಮೀನುಬೋಟುಗಳಿಗೆ ಕಳಿಸುವುದು. ಗಡ್ಡೆಯ ನಡುಭಾಗ ಯಾವಾಗಲೂ ಬೆಳ್ಳಗೆ, ಮಂಕಾಗಿ ಇರುತ್ತದೆ. ಅಂಚಿನ ಭಾಗ ಮಾತ್ರ ಆಚೆ ಬದಿಯ ಕೈ ಕಾಣುವಷ್ಟು ತಿಳಿ. ಆ ತಿಳಿ ತುಂಡಿಗೆ ನಾವು ಕನ್ನಡಿ ಐಸು ಎನ್ನುತ್ತಿದ್ದೆವು. ಎಲ್ಲವನ್ನೂ ಗೋಣಿಯ ತುಂಡಿನಲ್ಲೇ ಹಿಡಿಯುವುದು, ಬರಿಗೈಯಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದದ್ದಿಲ್ಲ. ನನಗಂತೂ ಚಳಿಯ ಲೆಕ್ಕ ಕೈಯಲ್ಲೇ ಇತ್ತು. ಮೀಟರ್ ಕೆಟ್ಟ ದಿನ ಅಂಗೈಯ ಹಿಂಭಾಗ ಗಾಳಿಗೊಡ್ಡಿ ಎಷ್ಟು ಡಿಗ್ರಿ ಎಂದು ಹೇಳುತ್ತಿದ್ದೆ, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ.

ದೀಕ್ಷಾಳಿಗೆ ಐದು ವರ್ಷದವಳಿದ್ದಾಗಿನಿಂದಲೇ ಕಾಲು ನೋವು ಬರುತ್ತಿತ್ತು. ಕೆಲವೊಮ್ಮೆ ಮೊಣಕಾಲು, ಕೆಲವೊಮ್ಮೆ ಸೊಂಟ. ಒಬ್ಬ ಡಾಕ್ಟರು ಅದು ಬೆಳೆಯುವ ನೋವು ಎಂದರು, ಇನ್ನೊಬ್ಬರು ವಾತವಿರಬಹುದು ಎಂದರು. ಅವಳ ಕಣ್ಣು ಆಗಾಗ ಹಳದಿಯಾಗುತ್ತಿತ್ತು. ಊರಿನಲ್ಲಿ ಕಣ್ಣು ಹಳದಿಯಾದರೆ ಕಾಮಾಲೆ, ಕಾಮಾಲೆಯಾದರೆ ಹಸಿಮದ್ದು, ಮದ್ದಾದರೆ ಉಪ್ಪು ಎಣ್ಣೆ ಬಿಟ್ಟ ಪಥ್ಯ. ಮೂರು ಸಲ ಅದೂ ಆಯಿತು. ನನ್ನ ಹೆಂಡತಿ ಶಶಿಯ ಪ್ರಕಾರ ಎಲ್ಲದಕ್ಕೂ ಮೂಲ ಒಂದೇ, ಉಷ್ಣ. “ಹುಡುಗಿಯ ದೇಹಪ್ರಕೃತಿಯೇ ಉಷ್ಣ, ತಂಪು ಮಾಡ್ಬೇಕು” ಎನ್ನುತ್ತಿದ್ದಳು. ನಮ್ಮ ಊರಿನ ಸೆಕೆಯಲ್ಲಿ ಆ ಮಾತನ್ನು ಅಲ್ಲಗಳೆಯುವವರು ಯಾರು? ಬೊಂಡದ ನೀರು, ಮಜ್ಜಿಗೆ, ತಲೆಗೆ ಎಣ್ಣೆ, ತಣ್ಣೀರಿನ ಸ್ನಾನ. ಇವೆಲ್ಲ ಶಶಿಯ ಪಾಲಿನವು. ನನ್ನ ಪಾಲಿಗೆ ಇದ್ದದ್ದು ಐಸ್.

ಮಗಳಿಗೆ ನೋವು ಎಂದು ಮನೆಯಿಂದ ಫೋನ್ ಬಂದರೆ ನಾನು ಗಡ್ಡೆಯ ಅಂಚಿನಿಂದ ಒಳ್ಳೆಯ ಕನ್ನಡಿ ಐಸು ಕಡಿದು, ಬೈರಾಸಿನಲ್ಲಿ ಸುತ್ತಿ, ಕರಗುವ ಮೊದಲೇ ಕುದ್ರೋಳಿಯ ಮನೆಗೆ ಓಡುತ್ತಿದ್ದೆ. “ಡಾಕ್ಟ್ರು ಹೊರಟ್ರು” ಎಂದು ಜತೆಯವರು ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೆ ಹೆಮ್ಮೆಯೇ. ಮಗಳ ಮೊಣಕಾಲಿಗೆ ಅದನ್ನು ಒತ್ತಿ ಹಿಡಿದರೆ ಮೊದಲು ಅಳು ಜೋರಾಗುತ್ತಿತ್ತು. ಹತ್ತು ನಿಮಿಷ ಕಳೆದರೆ ನಿಲ್ಲುತ್ತಿತ್ತು.

“ಹೋಯ್ತಾ ಮಗಾ?”

“ಹೋಯ್ತು ಪಪ್ಪ.”

ದೊಡ್ಡವಳಾಗುತ್ತಾ ಬಂದಂತೆ ನೋವು ಕಡಿಮೆಯಾಗುತ್ತಾ ಬಂತು. ಹೈಸ್ಕೂಲಿಗೆ ಬರುವಷ್ಟರಲ್ಲಿ ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಐಸೇ ಗುಣ ಮಾಡಿತು ಎಂದು ನಾನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ ನೆನಪಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ಮಧ್ಯಾಹ್ನ ಮೂವರೂ ಹೊರಗೆ ಊಟ ಮಾಡಿದೆವು, ಆಮೇಲೆ ಗಡ್‌ಬಡ್ ತಿಂದೆವು. ಮಂಗಳೂರಿನವರಿಗೆ ಪರೀಕ್ಷೆ ಮುಗಿದದ್ದಕ್ಕೂ ಐಸ್‌ಕ್ರೀಮ್, ಫೇಲಾದದ್ದಕ್ಕೂ ಐಸ್‌ಕ್ರೀಮ್. ಮನೆಗೆ ಬಂದವಳೇ ದೀಕ್ಷಾ ಬಲ ಪಕ್ಕೆಲುಬಿನ ಕೆಳಗೆ ಕೈಯೊತ್ತಿ ಹಿಡಿದು ಬಾಗಿ ಕುಳಿತಳು. ಬೆನ್ನಿನವರೆಗೆ ನೋವು, ವಾಂತಿ. ಮರುದಿನ ಕಣ್ಣು ಅರಸಿನದ ಹಾಗಾಯಿತು. ಶಶಿ ನಾಲ್ಕನೆಯ ಸಲ ಹಸಿಮದ್ದು ತರಿಸಿದಳು. ಏಪ್ರಿಲ್ ಪೂರ್ತಿ ಪಥ್ಯ ನಡೆಯಿತು, ನೋವು ಹೋಗಿ ಬಂದು ಮಾಡಿತು. ಮೇ ತಿಂಗಳಲ್ಲಿ ಫಳ್ನೀರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಮಾಡಿದವರು ಪರದೆಯನ್ನೇ ನೋಡುತ್ತಾ, “ಪಿತ್ತಕೋಶದ ತುಂಬ ಕಲ್ಲು ಉಂಟಲ್ಲ. ಹದಿನೇಳು ವರ್ಷಕ್ಕೆ ಇಷ್ಟು ಕಲ್ಲಾ?” ಎಂದರು. ಸರ್ಜನ್ ಪಿತ್ತಕೋಶ ತೆಗೆಯಬೇಕೆಂದರು. ಆದರೆ ಆ ವಯಸ್ಸಿಗೆ ಯಾಕೆ ಕಲ್ಲು ಎಂದು ಗೊತ್ತಾಗದೆ ಕತ್ತಿ ಮುಟ್ಟುವುದಿಲ್ಲ ಎಂದೂ ಹೇಳಿದರು. ರಕ್ತ ತೆಗೆದರು. ಮತ್ತೊಮ್ಮೆ ತೆಗೆದರು. ಆಮೇಲೆ ನನ್ನದೂ ಶಶಿಯದೂ ತೆಗೆದರು.

ರಕ್ತದ ಕಾಯಿಲೆಗಳನ್ನು ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಚೀಟಿಯ ಹಿಂದೆ ಒಂದು ದುಂಡು ಬರೆದರು, ಪಕ್ಕದಲ್ಲಿ ಬಾಗಿದ ಗೆರೆಯೊಂದನ್ನು ಎಳೆದರು. “ರಕ್ತದ ಕಣ ಹೀಗೆ ದುಂಡಗಿರ್ಬೇಕು. ಇವಳದ್ದು ಹೀಗೆ ಕುಡುಗೋಲಿನ ಹಾಗೆ ಬಾಗ್ತದೆ. ಸಿಕಲ್ ಸೆಲ್ ಅಂತ. ಬಾಗಿದ್ದು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ತದೆ, ಅದೇ ಕೈಕಾಲು ನೋವು. ಬೇಗ ಒಡೆದೂ ಹೋಗ್ತದೆ, ಅದಕ್ಕೇ ಕಣ್ಣು ಹಳದಿ. ಒಡೆದದ್ದೆಲ್ಲ ಪಿತ್ತದಲ್ಲಿ ಸೇರಿ ಕಲ್ಲಾಗ್ತದೆ.” ಹದಿನೇಳು ವರ್ಷದ ಎಲ್ಲ ಕಾಯಿಲೆಗಳೂ ಒಂದೇ ಚೀಟಿಯ ಹಿಂಭಾಗದಲ್ಲಿ ಹಿಡಿಸಿದವು.

ತಂದೆತಾಯಿ ಇಬ್ಬರಲ್ಲೂ ಅರ್ಧರ್ಧ ಇದ್ದರೆ ಮಗುವಿಗೆ ಪೂರ್ತಿ ಬರಬಹುದಂತೆ. ನಮಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಶಶಿ ನನ್ನ ಸೋದರಮಾವನ ಮಗಳು. ನಮ್ಮಿಬ್ಬರಿಗೂ ಅಜ್ಜಿ ಒಬ್ಬರೇ. ಅಜ್ಜ ವಯನಾಡಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಅಲ್ಲಿಂದ ಮದುವೆಯಾಗಿ ಕರೆತಂದದ್ದು ಆ ಅಜ್ಜಿಯನ್ನು. ದೀಕ್ಷಾಳ ಉದ್ದ ಕೂದಲು ನೋಡಿದವರೆಲ್ಲ ಅಜ್ಜಿಯದ್ದೇ ಬಂದಿದೆ ಎನ್ನುತ್ತಿದ್ದರು. ಶಶಿ ಅಲ್ಲೇ, ಡಾಕ್ಟರ ಮುಂದೆಯೇ, “ಕೂದಲು ಮಾತ್ರ ಅಲ್ಲ” ಎಂದಳು.

ಆಮೇಲೆ ಡಾಕ್ಟರಮ್ಮ ಇವಳಿಗೆ ಆಗದಿರುವುದನ್ನು ಹೇಳಿದರು. ಮೈಯಲ್ಲಿ ನೀರು ಕಡಿಮೆಯಾಗಬಾರದು, ಉಸಿರು ಸಾಲದೆ ಹೋಗಬಾರದು. “ಮುಖ್ಯವಾಗಿ ತಂಪು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಕಣ ಇನ್ನೂ ಸಿಕ್ಕಿಕೊಳ್ತದೆ. ನೋವು ಬಂದಾಗ ಮನೆಯಲ್ಲಿ ಎಂತ ಮಾಡ್ತಿದ್ರಿ?”

ದೀಕ್ಷಾ ನನ್ನ ಎಡಗಡೆಯ ಕುರ್ಚಿಯಲ್ಲಿದ್ದಳು. ಶಶಿ ಸೆರಗಿನ ತುದಿಯನ್ನು ನೋಡುತ್ತಿದ್ದಳು. ನಾನು, “ಬಿಸಿ ಶಾಖ ಕೊಡ್ತಿದ್ದೆವು” ಎಂದೆ.

“ಒಳ್ಳೆದು. ವರ್ಷಕ್ಕೆ ಎಷ್ಟು ಸಲ ಬರ್ತಿತ್ತು?”

“ಈಗೀಗ ಎರಡು ಸಲ.”

ಎರಡನೆಯದು ಸುಳ್ಳೆಂದು ನನಗೆ ಆಗ ಗೊತ್ತಿರಲಿಲ್ಲ. ಮೊದಲನೆಯದು ಗೊತ್ತಿತ್ತು. ಮಗಳು ಏನೂ ಹೇಳಲಿಲ್ಲ. ಡಾಕ್ಟರಮ್ಮ ಎರಡನ್ನೂ ಬರೆದುಕೊಂಡರು. ಕಾಯಿಲೆ ಜೋರಿಲ್ಲದ ಬಗೆಯಿರಬೇಕು, ಇಂಥವರಿಗೆ ಆಪರೇಷನ್ನಿಗೆ ಮೊದಲು ರಕ್ತ ಕೊಡುವುದುಂಟು, ಇವಳಿಗೆ ಕೊಡದೆಯೂ ಆದೀತೋ ಏನೋ ನೋಡೋಣ ಎಂದರು. ಹೊರಗೆ ಬಂದು ಆಟೋ ಹಿಡಿದೆ. ಆಗ ನನ್ನಲ್ಲಿ ಯಾವುದೋ ಒಂದು ಕೀಲಿ ಬಿದ್ದಿತು. ಅಳುವೂ ಇಲ್ಲ, ಹೆದರಿಕೆಯೂ ಇಲ್ಲ. ಮನೆಗೆ ಬಂದು ಊಟ ಮಾಡಿ ಪಾಳಿಗೆ ಹೋದೆ.

ಜೂನ್ ಬಂತು, ಮಳೆ ಹಿಡಿಯಿತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಬಿದ್ದಿರುತ್ತವೆ, ಐಸ್ ಯಾರಿಗೂ ಬೇಡ. ಪ್ಲಾಂಟ್ ಬಂದಾಯಿತು. ಮಗಳ ಆಪರೇಷನ್ ಜುಲೈ ಮೊದಲ ವಾರಕ್ಕೆ ಗೊತ್ತಾಗಿತ್ತು, ನನಗೆ ಬೇರೆ ಕೆಲಸವಿರಲಿಲ್ಲ. ಬೆಚ್ಚಗಿನ ಬಟ್ಟೆ ತನ್ನಿ ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ನಾನೂ ಶಶಿಯೂ ಪೇಟೆಯೆಲ್ಲ ಅಲೆದೆವು. ಮಂಗಳೂರಿನಲ್ಲಿ ಉಣ್ಣೆಯ ಕಾಲುಚೀಲ ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. “ಊಟಿಗೆ ಟೂರಾ ಅಕ್ಕ?” ಎಂದು ಒಬ್ಬ ಶಶಿಯನ್ನು ಕೇಳಿದ. “ಹೌದು” ಎಂದಳು. ಕೊನೆಗೆ ಅವನೇ ಅಟ್ಟದ ಪೆಟ್ಟಿಗೆಯಿಂದ ನುಸಿಗುಳಿಗೆಯ ವಾಸನೆ ಹೊಡೆಯುವ ನೀಲಿ ಸ್ವೆಟರ್ ಮತ್ತು ಎರಡು ಜತೆ ಕಾಲುಚೀಲ ತೆಗೆದುಕೊಟ್ಟ.

ಆಪರೇಷನ್ನಿಗೆ ನಾಲ್ಕು ದಿನ ಮೊದಲು ದಾಖಲಾದಳು. ಆ ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ಬೆನಡಿಕ್ಟಾ. ಕೊಂಕಣಿ ಮಾತಾಡುವವರು. ಹದಿನಾಲ್ಕು ವರ್ಷ ಮಸ್ಕತ್ತಿನಲ್ಲಿದ್ದು ಬಂದವರಂತೆ. ಅಲ್ಲಿ ಈ ಕಾಯಿಲೆ ಮನೆಮಾತು ಎಂದರು. ಉಳಿದ ನರ್ಸುಗಳು ಫೈಲಿನಲ್ಲಿ ಕಾಯಿಲೆಯ ಹೆಸರು ನೋಡಿ ಒಮ್ಮೆ ನಿಲ್ಲುತ್ತಿದ್ದರು, ಇವರು ನಿಲ್ಲಲಿಲ್ಲ. ಬಂದವರೇ ಫ್ಯಾನ್ ನಿಲ್ಲಿಸಿದರು, ಕಿಟಕಿ ಹಾಕಿಸಿದರು, ಒಂದು ದೊಡ್ಡ ಫ್ಲಾಸ್ಕ್ ಬಿಸಿನೀರು ಇಟ್ಟು, “ಇದು ಸಂಜೆಯೊಳಗೆ ಖಾಲಿ ಆಗ್ಬೇಕು ಆಯ್ತಾ?” ಎಂದರು. ನನ್ನನ್ನೂ ಶಶಿಯನ್ನೂ ಚಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ ಮಗಳ ಹತ್ತಿರ ಅರ್ಧ ಗಂಟೆ ಕುಳಿತರು.

ನಾವು ಮರಳಿದಾಗ ಸಿಸ್ಟರ್ ಕಾರಿಡಾರಿನಲ್ಲಿ ನಿಂತಿದ್ದರು.

“ಇವರೇ, ವರ್ಷಕ್ಕೆ ಎರಡು ಸಲ ನೋವು ಅಂತ ಬರೆಸಿದ್ದೀರಿ.”

“ಹೌದು ಸಿಸ್ಟರ್.”

“ಅವಳಿಗೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬರ್ತದೆ. ಎರಡು ಸಲ ಎದೆ ನೋವೂ ಬಂದಿದೆ. ಕಾಲೇಜಿಗೆ ಹೋಗ್ತೇನೆ ಅಂತ ಹೊರಟು ಗೆಳತಿಯ ಮನೆಯಲ್ಲಿ ಮಲಗಿ ಬರ್ತಿದ್ದಳಂತೆ. ನಿಮಗೆ ಹೇಳ್ತಿರ್ಲಿಲ್ಲ.”

“ಯಾಕೆ?”

ಸಿಸ್ಟರ್ ಕೈಯಲ್ಲಿದ್ದ ಫೈಲು ಮುಚ್ಚಿದರು. “ಅದನ್ನು ನೀವೇ ಅವಳ ಹತ್ರ ಕೇಳ್ಬೇಕು. ಈಗ ಬೇಡ. ಈಗ ನಾನು ಡಾಕ್ಟರಿಗೆ ಫೋನ್ ಮಾಡ್ತೇನೆ. ರಕ್ತ ಕೊಡದೆ ಇವಳನ್ನು ಥಿಯೇಟರಿಗೆ ಕಳಿಸ್ಲಿಕ್ಕೆ ಆಗುವುದಿಲ್ಲ.”

ಎರಡು ಬಾಟಲಿ ರಕ್ತ ಕೊಟ್ಟರು. ಅವಳಿಗೆ ಹೊಂದುವ ರಕ್ತ ಸಿಗಲು ಎರಡು ದಿನ ಹಿಡಿಯಿತು. ಬೋಟಿಲ್ಲದೆ ಕುಳಿತಿದ್ದ ದಕ್ಕೆಯ ಹುಡುಗರು ಸಾಲಾಗಿ ಬಂದು ತೋಳು ಚಾಚಿದರು. ಕೊಡುವ ಮೊದಲು ಆ ರಕ್ತವನ್ನೂ ಬಿಸಿ ಮಾಡಿದರು. ನಾನು ಮಂಚದ ಪಕ್ಕ ಕುಳಿತು ಕೆಂಪು ಹನಿ ಬೀಳುವುದನ್ನು ನೋಡಿದೆ. ಯಾಕೆ ಎಂದು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತೋ ಇಲ್ಲವೋ, ಈಗಲೂ ಹೇಳಲಾರೆ. ಅವಳ ಹಣೆ ಮುಟ್ಟಲು ಕೈ ಚಾಚಿದಾಗ ಶಶಿ, “ನಿಮ್ಮ ಕೈ ಯಾವಾಗ್ಲೂ ತಂಪು ಉಂಟು, ಉಜ್ಜಿ ಮುಟ್ಟಿ” ಎಂದಳು. ಆಮೇಲೆ ಪ್ರತಿ ಸಲ ಅಂಗೈ ಉಜ್ಜಿಯೇ ಮುಟ್ಟಿದೆ.

ಆಪರೇಷನ್ನಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರಬೇಕೆಂದು ಹಿಂದಿನ ದಿನದಿಂದಲೇ ಡ್ರಿಪ್ ಹಾಕಿದ್ದರು. ನೀಲಿ ಸ್ವೆಟರ್, ಕಾಲುಚೀಲ, ಮೇಲೆ ಎರಡು ಕಂಬಳಿ. ಟ್ರಾಲಿಯ ಜತೆ ಥಿಯೇಟರಿನ ಕಾರಿಡಾರಿನವರೆಗೆ ಹೋದೆ. ಅಲ್ಲಿ ಎಸಿ ಇತ್ತು. ಅಂಗೈಯ ಹಿಂಭಾಗ ಒಡ್ಡಿ ನೋಡಿದೆ. ಅರಿವಳಿಕೆ ಕೊಡುವ ಡಾಕ್ಟರಿಗೆ, “ಸರ್, ಇಲ್ಲಿ ಹತ್ತೊಂಬತ್ತು ಉಂಟು” ಎಂದೆ. ಅವರು ಗೋಡೆಯ ಮೀಟರ್ ನೋಡಿದರು, ನನ್ನನ್ನು ನೋಡಿದರು.

“ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ?”

“ಐಸ್ ಪ್ಲಾಂಟಿನವ ಸರ್.”

“ಹೆದರ್ಬೇಡಿ. ಒಳಗೆ ಬಿಸಿ ಮಾಡಿ ಇಟ್ಟಿದ್ದೇವೆ.”

ಬಾಗಿಲು ತೆರೆದಾಗ ಒಳಗಿನಿಂದ ಬೆಚ್ಚಗಿನ ಗಾಳಿ ಬಂತು. ಒಳಗಿದ್ದ ಸರ್ಜನ್ ಆಗಲೇ ಬೆವರುತ್ತಿದ್ದರು. ಟ್ರಾಲಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ನಾನು ಕ್ಯಾಂಟೀನಿಗೆ ಹೋಗಿ ಒಂದು ಪ್ಲೇಟ್ ಗೋಳಿಬಜೆ ತಿಂದೆ. ಚಟ್ನಿಗೆ ಉಪ್ಪು ಕಡಿಮೆಯಿತ್ತು. ಮಗಳನ್ನು ಒಳಗೆ ಕಳಿಸಿದವನಿಗೆ ಚಟ್ನಿಯ ಉಪ್ಪು ತಿಳಿಯಿತಲ್ಲ ಎಂದು ನನಗೆ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಎರಡು ಗಂಟೆ ಕಳೆದು ಸರ್ಜನ್ ಹೊರಗೆ ಬಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಒಳಗೆ ಕಪ್ಪು ಕಲ್ಲುಗಳು, ಒಳ್ಳೆಮೆಣಸಿನ ಕಾಳಿನ ಹಾಗೆ. ನಾಲ್ಕು ಸಣ್ಣ ತೂತುಗಳಲ್ಲೇ ಎಲ್ಲ ಮುಗಿಯಿತು, ಚೆನ್ನಾಗಿ ಆಗಿದೆ ಎಂದರು. ಶಶಿ ಗೋಡೆಗೆ ಹಣೆ ಹಚ್ಚಿ ಅತ್ತಳು. ನಾನು ಡಬ್ಬಿಯನ್ನು ಅಲುಗಿಸಿ ಸದ್ದು ಕೇಳಿದೆ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡನೆಯ ದಿನ ಸಂಜೆ ಅವಳಿಗೆ ಜ್ವರ ಬಂತು, ಉಸಿರೆಳೆದರೆ ಎದೆ ಚುಚ್ಚುತ್ತದೆ ಎಂದಳು. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ತೊಂಬತ್ತಾರು ಇದ್ದದ್ದು ತೊಂಬತ್ತೊಂದಾಯಿತು, ಎಂಬತ್ತೆಂಟಾಯಿತು. ಸಿಸ್ಟರ್ ಬೆನಡಿಕ್ಟಾ ಅದಕ್ಕೆ ಕಾದೇ ಇದ್ದರೇನೋ, ಆಮ್ಲಜನಕದ ಮುಖವಾಡ ಆಗಲೇ ಅವರ ಕೈಯಲ್ಲಿತ್ತು. ಬಾಗಿದ ಕಣಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿವೆ ಎಂದರು ಡಾಕ್ಟರಮ್ಮ. ಐಸಿಯುವಿಗೆ ಒಯ್ದರು. ಅವಳ ರಕ್ತ ತೆಗೆದು ಬೇರೆಯವರ ರಕ್ತ ತುಂಬಿದರು. ಮೂರು ದಿನ.

ಆ ಮೂರು ದಿನ ಹೊತ್ತಿಗೊಮ್ಮೆ ಐದು ನಿಮಿಷ ಒಳಗೆ ಬಿಡುತ್ತಿದ್ದರು. ಮೊದಲ ದಿನ ನಾನು ಒಳಗೆ ಹೋಗಿ ಮಾಡಿದ್ದು ಒಂದೇ ಕೆಲಸ. ಗಾಳಿ ಎಲ್ಲಿಂದ ಬೀಳುತ್ತದೆ ಎಂದು ಕೈ ಹಿಡಿದು ನೋಡಿದೆ. ಎಸಿಯ ಬಾಯಿ ನೇರ ಅವಳ ಕಾಲಿನ ಮೇಲಿತ್ತು. ಅಲ್ಲಿನ ನರ್ಸಿಗೆ ಹೇಳಿ ಮಂಚವನ್ನು ಎರಡು ಅಡಿ ಸರಿಸಿದೆವು. ಹದಿನೇಳು ವರ್ಷದ ಲೆಕ್ಕದಲ್ಲಿ ನಾನು ಅವಳಿಗೆ ಮಾಡಿದ ಉಪಕಾರ ಆ ಎರಡು ಅಡಿ. ಡಾಕ್ಟರಮ್ಮ ನನ್ನನ್ನು ಕರೆದು, “ಮೊದಲೇ ರಕ್ತ ಕೊಟ್ಟದ್ದು ಒಳ್ಳೆದಾಯ್ತು. ಇಲ್ಲದಿದ್ದರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ನನಗೆ ತಿಳಿಯಿತು. ನಾನು ಬರೆಸಿದ ಎರಡು ಸಲವನ್ನೇ ನಂಬಿದ್ದರೆ ಅವಳು ಉಳಿಯುತ್ತಿರಲಿಲ್ಲ.

ನಾಲ್ಕನೆಯ ದಿನ ವಾರ್ಡಿಗೆ ಮರಳಿದಳು. ಸಿಸ್ಟರ್ ನನಗೊಂದು ಕೆಲಸ ಕೊಟ್ಟರು. ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಕೊಳವೆ, ಪ್ರತಿಯೊಂದರಲ್ಲಿ ಒಂದು ನೀಲಿ ಚೆಂಡು, ಒಂದು ನಳಿಗೆ. ಅದನ್ನು ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಗಂಟೆಗೆ ಹತ್ತು ಸಲ ಮಾಡಿಸಬೇಕು, ಶ್ವಾಸಕೋಶ ಅರಳಲು ಅದೇ ದಾರಿ. “ಅವಳು ಬೈದರೂ ಬಿಡ್ಬೇಡಿ” ಎಂದರು. ಮೊದಲ ದಿನ ಒಂದು ಚೆಂಡು ಅಲ್ಲಾಡಿತು ಅಷ್ಟೆ. ಮರುದಿನ ಒಂದು ಪೂರ್ತಿ ಎದ್ದಿತು. ಅದರ ಮರುದಿನ ಎರಡು.

ಎರಡು ಎದ್ದ ಮಧ್ಯಾಹ್ನ ಶಶಿ ಮನೆಗೆ ಹೋಗಿದ್ದಳು. ಹೊರಗೆ ಮಳೆ. ದೀಕ್ಷಾ ನಳಿಗೆಯನ್ನು ಬಾಯಿಂದ ತೆಗೆದು ದಿಂಬಿಗೆ ಒರಗಿದಳು.

“ಪಪ್ಪ, ಸಿಸ್ಟರ್ ನಿಮ್ಮ ಹತ್ರ ಹೇಳಿದ್ರಾ?”

“ಎಂತದ್ದು?”

“ನೋವು ತಿಂಗಳಿಗೊಮ್ಮೆ ಬರ್ತಿತ್ತು ಅಂತ.”

“ಹೇಳಿದ್ರು. ನೀನು ಯಾಕೆ ಮಗಾ ಹೇಳ್ಲಿಲ್ಲ?”

ಅವಳು ನಳಿಗೆಯನ್ನು ಬೆರಳಿಗೆ ಸುತ್ತಿದಳು. “ಹೇಳಿದ್ರೆ ನೀವು ಐಸ್ ತರ್ತಿದ್ರಿ.”

ನಾನು ಅವಳ ಕಂಬಳಿಯನ್ನು ಪಾದದವರೆಗೆ ಎಳೆದೆ.

“ಇಟ್ಟಾಗ ತುಂಬ ನೋಯ್ತಿತ್ತು ಪಪ್ಪ. ಇದ್ದದ್ದಕ್ಕಿಂತ ಹೆಚ್ಚು. ಆಮೇಲೆ ಮರಗಟ್ಟಿ ಎಂತದ್ದೂ ಗೊತ್ತಾಗ್ತಿರ್ಲಿಲ್ಲ. ನೀವು ಅಷ್ಟು ದೂರದಿಂದ ಓಡಿಕೊಂಡು ತಂದದ್ದು, ಒಳ್ಳೆಯ ತುಂಡೇ ನೋಡಿ ತಂದದ್ದು. ಬೇಡ ಅಂತ ಹೇಗೆ ಹೇಳುದು? ಹೋಯ್ತು ಅಂತಿದ್ದೆ. ಮತ್ತೆ ದೊಡ್ಡವಳಾದ ಮೇಲೆ ಹೇಳುದೇ ಬಿಟ್ಟೆ.”

“ಡಾಕ್ಟ್ರ ಮುಂದೆ ನಾನು ಬಿಸಿ ಶಾಖ ಅಂದೆ.”

“ಕೇಳಿಸ್ತು.” ಅವಳು ಸ್ವಲ್ಪ ನಕ್ಕಳು. “ನೀವೂ ಸುಳ್ಳು, ನಾನೂ ಸುಳ್ಳು. ಸರಿ ಆಯ್ತು.”

ಅಲ್ಲಿ ನಾನು ಅಳಬೇಕಿತ್ತು. ಅವಳ ಕಾಲು ಹಿಡಿಯಬೇಕಿತ್ತು, ಕ್ಷಮೆ ಕೇಳಬೇಕಿತ್ತು. ಏನೂ ಮಾಡಲಿಲ್ಲ. ನಳಿಗೆಯನ್ನು ಎತ್ತಿಕೊಟ್ಟು, “ಇನ್ನು ಆರು ಸಲ ಉಂಟು” ಎಂದೆ. ಅವಳು ಆರು ಸಲ ಎಳೆದಳು. ಆಮೇಲೆ ನಾನು ಕಾಗದದ ಮೇಲೆ ಹತ್ತರ ಗುರುತು ಹಾಕಿದೆ.

ಹದಿನೈದು ದಿನ ಕಳೆದು ಮನೆಗೆ ಬಂದೆವು. ಈಗ ದಿನಕ್ಕೊಂದು ಮಾತ್ರೆ ಇದೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ನೋವು ಪೂರ್ತಿ ಹೋಗಿಲ್ಲ, ಬಂದರೆ ಹೇಳುತ್ತಾಳೆ. ಶಶಿ ಬಿಸಿನೀರಿನ ಚೀಲ ಇಡುತ್ತಾಳೆ, ಉಷ್ಣ ಎಂಬ ಮಾತು ನಮ್ಮ ಮನೆಯಲ್ಲಿ ಆಮೇಲೆ ಯಾರ ಬಾಯಲ್ಲೂ ಬಂದಿಲ್ಲ. ದೀಕ್ಷಾ ಡಿಗ್ರಿ ಮುಗಿಸಿ, ಎಸಿಯ ಆಫೀಸು ತನಗಾಗದು ಎಂದು ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿದ್ದಾಳೆ. ಆ ವರ್ಷದ ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದಾಗ ನಾನೂ ಪ್ಲಾಂಟಿಗೆ ಹೋದೆ. ಎರಡು ವಾರ ಹೋದೆ. ಸಂಜೆ ಮನೆಗೆ ಬಂದು ಕೈ ಉಜ್ಜುತ್ತಾ ಬಾಗಿಲಲ್ಲೇ ನಿಂತಿರುವುದು ಸಾಕಾಯಿತು. ದೊಡ್ಡ ಪ್ರತಿಜ್ಞೆ ಏನೂ ಮಾಡಲಿಲ್ಲ. ಕೂಳೂರಿನಲ್ಲಿ ಒಲೆಯ ಮುಂದೆ ಜನ ಬೇಕು ಎಂದು ತಿಳಿಯಿತು, ಹೋದೆ. ಅದು ಕೂಡ ಏನೂ ಅನ್ನಿಸದೆಯೇ ಮಾಡಿದ್ದು.

ಕಳೆದ ವಾರ ಪ್ಲಾಂಟಿನಲ್ಲಿ ಹಳೆಯ ಜತೆಗಾರ ಸಿಕ್ಕಿದ. ಗಡ್ಡೆಗಳನ್ನು ವ್ಯಾನಿಗೆ ಹತ್ತಿಸುತ್ತಾ, “ಎಂತ ಡಾಕ್ಟ್ರೆ, ಮಗಳು ಹುಷಾರಾ?” ಎಂದ. ಹೆಸರು ಇನ್ನೂ ಬಿಟ್ಟಿರಲಿಲ್ಲ. ಹುಷಾರು ಎಂದೆ. ಕಾಲಬುಡದಲ್ಲಿ ಅಂಚಿನ ತುಂಡೊಂದು ಬಿದ್ದಿತ್ತು, ಒಳ್ಳೆಯ ತಿಳಿಯದು. ಎತ್ತಿಕೊಂಡೆ. ಗೋಣಿಯಿಲ್ಲದೆ ಬರಿಗೈಯಲ್ಲಿ ಮುಷ್ಟಿ ಬಿಗಿದೆ. ಗೋಡೆಯಲ್ಲಿ ಗಡಿಯಾರವಿತ್ತು. ಹತ್ತು ನಿಮಿಷ ಹಿಡಿದು ನೋಡಬೇಕೆನ್ನಿಸಿತು. ಅವಳ ಮೊಣಕಾಲಿನ ಮೇಲೆ ಅಷ್ಟು ಹೊತ್ತು ಹಿಡಿದವನು ನನ್ನ ಮೈಯ ಮೇಲೆ ಒಮ್ಮೆಯೂ ಹಿಡಿದಿರಲಿಲ್ಲ. ಎರಡನೆಯ ನಿಮಿಷಕ್ಕೆ ಮೂಳೆ ಬಿರಿಯುವಂತಾಯಿತು. ಮೂರನೆಯದು ಇನ್ನೂ ಕಷ್ಟ. “ನಿಮಗೆ ಮರ್ಲಾ ಮಾರಾಯ್ರೆ, ಹುಚ್ಚು ಹಿಡಿದಿದ್ಯಾ?” ಎಂದು ಜತೆಗಾರ ಕೂಗಿದ. ಆರಕ್ಕೋ ಏಳಕ್ಕೋ ನೋವು ನಿಂತಿತು. ಕೈಯೇ ಇಲ್ಲದಂತಾಯಿತು. ಹೋಯ್ತಾ ಎಂದು ಆಗ ಯಾರಾದರೂ ಕೇಳಿದ್ದರೆ ನಾನೂ ಹೋಯ್ತು ಎನ್ನುತ್ತಿದ್ದೆ.

ವ್ಯಾನ್ ಬಿಟ್ಟುಕೊಂಡು ಹೊರಟೆ. ಐಸಿನ ಕೆಲಸದವರಿಗೆಲ್ಲ ಗೊತ್ತಿರುವ ಮಾತೊಂದಿದೆ. ಮರಗಟ್ಟಿದ ಕೈ ನೋಯುವುದಿಲ್ಲ, ರಕ್ತ ತಿರುಗಿ ಬರುವಾಗ ನೋಯುತ್ತದೆ. ಕೂಳೂರಿನ ಸೇತುವೆಯ ಮೇಲೆ ಬರುವಾಗ ಬೆರಳುಗಳಿಗೆ ರಕ್ತ ಬರಲು ಶುರುವಾಯಿತು. ಸ್ಟಿಯರಿಂಗ್ ಹಿಡಿಯಲಾಗಲಿಲ್ಲ. ಸೇತುವೆ ದಾಟಿ ವ್ಯಾನನ್ನು ಬದಿಗೆ ಹಾಕಿ ಆ ಕೈಯನ್ನು ಎದೆಗೊತ್ತಿ ಹಿಡಿದು ಅತ್ತೆ. ಐವತ್ತೆಂಟು ವರ್ಷದ ಗಂಡಸು, ಹಿಂದೆ ಐಸ್ ಕರಗಿ ರಸ್ತೆಗೆ ಸೋರುತ್ತಿದೆ, ನಾನು ಮುಂದಿನ ಸೀಟಿನಲ್ಲಿ ಕುಳಿತು ಗೋಳೋ ಎಂದು ಅಳುತ್ತಿದ್ದೇನೆ. ಆರು ವರ್ಷ ತಡವಾಗಿ.

ಆಗಲೇ ದೀಕ್ಷಾಳ ಫೋನ್ ಬಂತು.

“ಪಪ್ಪ, ಎಲ್ಲಿದ್ದೀರಿ? ಊಟಕ್ಕೆ ಬರುದಿಲ್ವಾ?”

“ಬರ್ತೇನೆ. ಸೇತುವೆ ಹತ್ರ ಇದ್ದೇನೆ.”

“ಸ್ವರ ಎಂತ ಹಾಗೆ? ಹುಷಾರಿಲ್ವಾ?”

“ಕೈ ನೋಯ್ತಾ ಉಂಟು ಮಗಾ. ತುಂಬ ನೋಯ್ತಾ ಉಂಟು.”

ಹಿಂದಿನಿಂದ ಶಶಿ ಊಟದ ತಟ್ಟೆ ಇಡುವ ಸದ್ದು ಕೇಳಿಸುತ್ತಿತ್ತು.

“ಮನೆಗೆ ಬನ್ನಿ, ಬಿಸಿನೀರಿನ ಚೀಲ ಉಂಟು” ಎಂದಳು. “ಐಸ್ ಮಾತ್ರ ಇಡ್ಬೇಡಿ ಮಾರಾಯ್ರೆ.”